ಹಿತ್ತಲ ಗಿಡ ಅಂಗಳಕ್ಕೆ ಬಂತು

‘ಹಿತ್ತಲ ಗಿಡ ಮದ್ದಲ್ಲ’ ಎಂಬ ಗಾದೆಯನ್ನು ಮೊದಲು ಹೇಳಿದವರು ಗಂಡಸರೇ ಇರಬೇಕೆಂದು ನನ್ನ ಗುಮಾನಿ. ದಿನಕ್ಕೆ ಹತ್ತು ಸಲ ಹಿತ್ತಲಿಗೆ ಹೋಗಿಬರುವ ಹೆಂಗಸು ಇಂಥ ಮಾತು ಆಡಲಾರಳು. ಮಗುವಿನ ಕೆಮ್ಮಿಗೆ ತುಳಸಿ, ಬಾಣಂತಿಯ ಸ್ನಾನದ ನೀರಿಗೆ ಲಕ್ಕಿ ಸೊಪ್ಪು, ಬೇಸಿಗೆಯ ತಂಬುಳಿಗೆ ಒಂದೆಲಗ, ಹೇಳದೆ ಕೇಳದೆ ಬಂದ ನೆಂಟರ ಉಪ್ಪಿಟ್ಟಿಗೆ ಕರಿಬೇವು, ಎಲ್ಲವೂ ಹಿತ್ತಲ ಬಾಗಿಲಿಂದಲೇ ಒಳಗೆ ಬರಬೇಕು. ಆದರೂ ಬಂದವರು ಹೊಗಳುವುದು ಮುಂದಿನ ಅಂಗಳವನ್ನು. “ಎಷ್ಟು ಚೆನ್ನಾಗಿ ಗಾರ್ಡನ್ ಇಟ್ಟಿದ್ದೀರಿ!” ಎಂದು ಕ್ರೋಟನ್ನಿನ ಕುಂಡವನ್ನು ಮೆಚ್ಚಿ, ಕರಿಬೇವು ಬೆರೆತ ಉಪ್ಪಿಟ್ಟು ತಿಂದು ಹೋಗುತ್ತಾರೆ.

ನಮ್ಮ ಊರುಗಳ ಮನೆಗಳಲ್ಲಿ ಇದೊಂದು ಬರೆಯದ ಕಾನೂನು. ಮುಂದಿನ ಅಂಗಳ ನಾಲ್ಕು ಜನ ನೋಡುವುದಕ್ಕೆ, ಹಿತ್ತಲು ನಾವು ಬದುಕುವುದಕ್ಕೆ. ಮುಂದೆ ರೋಜಾ, ಬೋಗನ್‌ವಿಲ್ಲ. ಹಿಂದೆ ಬಟ್ಟೆ ಒಗೆಯುವ ಕಲ್ಲು, ನುಗ್ಗೆಮರ, ಬಾಳೆ, ಹೆಸರು ಕೇಳಿದರೆ ಅಜ್ಜಿಯರಿಗೆ ಮಾತ್ರ ಗೊತ್ತಿರುವ ಸೊಪ್ಪುಗಳು. ಒಂದು ಮನೆಯಲ್ಲಿ ಹೆಂಗಸಿನ ಜಾಗ ಎಲ್ಲಿ ಎಂಬುದನ್ನು ಗಿಡಗಳನ್ನು ನೋಡಿಯೇ ಹೇಳಬಹುದಿತ್ತು.

ತುಮಕೂರಿನಲ್ಲಿರುವ ನಮ್ಮ ಮನೆಯೂ ಹಾಗೇ ಇತ್ತು. ನಲವತ್ತು ಅರವತ್ತರ ಸೈಟು, ಹಳೆಯ ಮನೆ. ನಮ್ಮ ಮನೆಯವರು ನಿವೃತ್ತರಾದಾಗ, ಬಂದ ಹಣದಲ್ಲಿ ಹಿತ್ತಲಿನ ಮೇಲೆ ಒಂದು ಬಾಡಿಗೆ ಮನೆ ಎದ್ದಿತು. ಪಿಂಚಣಿಯ ಜೊತೆಗೆ ಬಾಡಿಗೆಯೂ ಬೇಕೆನ್ನುವುದು ನ್ಯಾಯವೇ, ನಾನು ತಕರಾರು ತೆಗೆಯಲಿಲ್ಲ. ಆದರೆ ಅತ್ತೆ ಮೂರು ದಿನ ಸರಿಯಾಗಿ ಊಟ ಮಾಡಲಿಲ್ಲ. ಅವರು ಚಿಕ್ಕನಾಯಕನಹಳ್ಳಿ ಕಡೆಯ ಹಳ್ಳಿಯಿಂದ ಸೀರೆಯ ಸೆರಗಿನಲ್ಲಿ ಕಟ್ಟಿ ತಂದ ಬೀಜಗಳು, ತಂಗಿಯ ಮನೆಯಿಂದ ತಂದ ಕಡ್ಡಿಗಳು ಎಲ್ಲವೂ ಆ ಹಿತ್ತಲಲ್ಲಿದ್ದವು. ಉಳಿದದ್ದು ಮುಂದಿನ ಅಂಗಳ ಒಂದೇ: ನಲವತ್ತು ಅಡಿ ಅಗಲ, ಹದಿನೈದು ಅಡಿ ಉದ್ದ.

2024ರ ಯುಗಾದಿಗೆ ಬೆಂಗಳೂರಿನಿಂದ ಬಂದ ಮಗ ಅಂಗಳವನ್ನು ನೋಡಿ, “ಅಮ್ಮಾ, ಇದಕ್ಕೊಂದು ಲ್ಯಾಂಡ್‌ಸ್ಕೇಪ್ ಮಾಡಿಸಿಬಿಡೋಣ, ನನ್ನ ಖರ್ಚು” ಎಂದ. ಮರುವಾರವೇ ಒಬ್ಬ ಹುಡುಗ ಲ್ಯಾಪ್‌ಟಾಪ್ ಹಿಡಿದು ಬಂದ. ಬಹಳ ವಿನಯವಂತ. ಪರದೆಯ ಮೇಲೆ ನಮ್ಮ ಮನೆಯೇ ಇತ್ತು, ಆದರೆ ನಮ್ಮ ಮನೆಯಂತೆ ಇರಲಿಲ್ಲ. ಅಂಗಳದ ತುಂಬ ಹಸಿರು ಜಮಖಾನೆ ಹಾಸಿದಂತೆ ಹುಲ್ಲು, ಮೂಲೆಯಲ್ಲಿ ಬಾಟಲಿಯಂಥ ಹೊಟ್ಟೆಯ ಪಾಮ್, ಬಿಳಿಯ ಕಲ್ಲುಗಳು, ಒಂದು ಸಿಮೆಂಟಿನ ಕೊಕ್ಕರೆ.

ಅತ್ತೆ ಜಗುಲಿಯ ಮೇಲೆ ಕುಳಿತು ಎಲ್ಲವನ್ನೂ ಕೇಳಿಸಿಕೊಳ್ಳುತ್ತಿದ್ದರು. ಕೊನೆಗೆ, “ಇದರಲ್ಲಿ ತಿನ್ನೋದು ಯಾವುದು, ಮುಡಿಯೋದು ಯಾವುದು, ದೇವರಿಗೆ ಏರಿಸೋದು ಯಾವುದಪ್ಪಾ?” ಎಂದು ಕೇಳಿದರು.

“ಅಜ್ಜಿ, ಇದು ನೋಡೋಕೆ” ಎಂದ ಹುಡುಗ.

“ನೋಡೋಕೆ ನನಗೆ ಕಣ್ಣೇ ಕಾಣಲ್ಲವಲ್ಲೋ” ಎಂದರು ಅತ್ತೆ, ನಗುತ್ತಲೇ.

ಅದು ನಗುವ ಮಾತಾಗಿರಲಿಲ್ಲ. ಎಂಬತ್ತಾರರ ಅತ್ತೆಗೆ ಗ್ಲಾಕೋಮಾ. ಹೋದ ದೃಷ್ಟಿ ಮರಳಿ ಬರುವುದಿಲ್ಲ, ಉಳಿದದ್ದನ್ನು ಹನಿ ಔಷಧಿ ಹಾಕಿ ಕಾಪಾಡಿಕೊಳ್ಳಬೇಕು ಎಂದು ಡಾಕ್ಟರು ಹೇಳಿದ್ದರು. ಅವರಿಗೆ ಈಗ ಕಾಣುವುದು ಕೊಳವೆಯೊಳಗಿಂದ ನೋಡಿದಷ್ಟು. ಆದರೆ ಒಂದು ಎಲೆಯನ್ನು ಬೆರಳಲ್ಲಿ ಹೊಸಕಿ ಮೂಗಿನ ಹತ್ತಿರ ಹಿಡಿದರೆ ಅದರ ಹೆಸರು, ಗುಣ, ಯಾವ ತಿಂಗಳಲ್ಲಿ ಹೂ, ಯಾವ ಬಾಣಂತಿಗೆ ಕೊಟ್ಟರು, ಯಾರಿಗೆ ಕೊಡಬಾರದು ಎಲ್ಲವೂ ಅವರ ಬಾಯಿಂದ ಬರುತ್ತಿತ್ತು. ಗಿಡ ಇಲ್ಲದಿದ್ದರೆ ಆ ಮಾತೂ ಬರುವುದಿಲ್ಲ. “ಅತ್ತೆ, ಆ ಸೊಪ್ಪು ಹೇಗಿತ್ತು?” ಎಂದು ಸುಮ್ಮನೆ ಕೇಳಿದರೆ, “ಕೈಗೆ ಕೊಡು, ಹೇಳ್ತೀನಿ” ಎನ್ನುತ್ತಾರೆ. ಹಿತ್ತಲು ಹೋದಾಗ ನಮ್ಮ ಮನೆಯಿಂದ ಹೋದದ್ದು ಬರೀ ಗಿಡಗಳಲ್ಲ ಎಂಬುದು ನನ್ನನ್ನು ಕೊರೆಯುತ್ತಿತ್ತು.

ಮಗನಿಗೆ ಇದನ್ನು ಹೇಳಿದರೆ ಭಾವುಕತೆ ಎಂದಾನು. ಅವನು ಎಂಜಿನಿಯರು, ಲೆಕ್ಕ ಬೇಕು. ಸರಿ, ಲೆಕ್ಕವನ್ನೇ ಕೊಟ್ಟೆ. ನಮ್ಮ ಅಂಗಳ ಸುಮಾರು 56 ಚದರ ಮೀಟರು. ಬಿರುಬೇಸಿಗೆಯಲ್ಲಿ ಹುಲ್ಲುಹಾಸು ಹಸಿರಾಗಿರಬೇಕೆಂದರೆ ಚದರ ಮೀಟರಿಗೆ ದಿನಕ್ಕೆ 5 ಲೀಟರಿನ ಆಸುಪಾಸು ನೀರು ಬೇಕು. ಅಂದರೆ 280 ಲೀಟರು, ನಮ್ಮ ಕೊಡದ ಲೆಕ್ಕದಲ್ಲಿ ಹತ್ತಿರ ಹತ್ತಿರ ಇಪ್ಪತ್ತು ಕೊಡ. 2023ರ ಮಳೆ ಕೈಕೊಟ್ಟು ರಾಜ್ಯದ ಇನ್ನೂರಕ್ಕೂ ಹೆಚ್ಚು ತಾಲ್ಲೂಕುಗಳು ಬರಪೀಡಿತವೆಂದು ಘೋಷಣೆಯಾಗಿತ್ತು. ನಮ್ಮ ಬೋರ್‌ವೆಲ್ ಆ ಬೇಸಿಗೆಯಲ್ಲಿ ಅರ್ಧ ಗಂಟೆ ನೀರು ಕೊಟ್ಟು ಗೊರಗೊರ ಎನ್ನುತ್ತಿತ್ತು. ಮಗನ ಬೆಂಗಳೂರಿನಲ್ಲೋ, 2024ರ ಮಾರ್ಚ್ ತಿಂಗಳಲ್ಲಿ ಕುಡಿಯುವ ನೀರನ್ನು ಗಿಡಗಳಿಗೆ ಹಾಕಿದರೆ, ಕಾರು ತೊಳೆದರೆ 5000 ರೂಪಾಯಿ ದಂಡ ಎಂದು ಜಲಮಂಡಳಿ ಆಜ್ಞೆ ಹೊರಡಿಸಿತ್ತು. “ನಿಮ್ಮ ಅಪಾರ್ಟ್‌ಮೆಂಟಿಗೆ ಟ್ಯಾಂಕರಿನಲ್ಲಿ ನೀರು ಬರುವಾಗ ಇಲ್ಲಿ ಹುಲ್ಲಿಗೆ ಇಪ್ಪತ್ತು ಕೊಡ ಹೊರುವವರು ಯಾರಪ್ಪ?” ಎಂದೆ. ಅವನು ತಲೆ ಕೆರೆದುಕೊಂಡ. ಲ್ಯಾಂಡ್‌ಸ್ಕೇಪ್ ಹುಡುಗ ಕಾಫಿ ಕುಡಿದು ಹೋದ.

ಆ ಹುಡುಗನ ಮೇಲೆ ನನಗೆ ಸಿಟ್ಟಿಲ್ಲ. ತೋಟವೆಂದರೆ ನಮ್ಮೆಲ್ಲರ ಕಣ್ಣಿಗೆ ಕಟ್ಟುವುದು ಲಾಲ್‌ಬಾಗ್. ವರ್ಷಕ್ಕೆ ಎರಡು ಸಲ ಫಲಪುಷ್ಪ ಪ್ರದರ್ಶನ ನೋಡಿ ಬಂದವರಿಗೆಲ್ಲ ಮನೆಯ ಮುಂದೆ ಒಂದು ಅಂಗೈಯಗಲದ ಲಾಲ್‌ಬಾಗ್ ಬೇಕೆನ್ನಿಸುತ್ತದೆ. ಜರ್ಮನಿಯಿಂದ ಬಂದು 1908ರಿಂದ 1932ರವರೆಗೆ ಲಾಲ್‌ಬಾಗಿನ ಉಸ್ತುವಾರಿ ನೋಡಿಕೊಂಡ ಕೃಂಬಿಗಲ್ ಅವರು, ವರ್ಷದ ಯಾವ ತಿಂಗಳಲ್ಲೂ ಬೆಂಗಳೂರಿನ ಯಾವುದಾದರೊಂದು ಬೀದಿ ಹೂ ಬಿಟ್ಟಿರುವಂತೆ ಮರಗಳನ್ನು ಆರಿಸಿ ನೆಡಿಸಿದರು. ನೂರಾರು ಎಕರೆಯ ಸರ್ಕಾರಿ ತೋಟಕ್ಕೆ ಕೆರೆಯಿದೆ, ಮಾಲಿಗಳಿದ್ದಾರೆ. ನಮ್ಮ ಹದಿನೈದಡಿ ಅಂಗಳಕ್ಕೆ ಇರುವವಳು ನಾನು, ಬೆಳಗಿನ ಹೊತ್ತು ಒಂದು ಗಂಟೆ. ಆದರೆ ಅವರ ಉಪಾಯವನ್ನು ಮಾತ್ರ ನಾನು ಬಿಡಲಿಲ್ಲ: ಯಾವ ತಿಂಗಳಲ್ಲೂ ಅಂಗಳದಲ್ಲಿ ಏನಾದರೊಂದು ಇರಬೇಕು. ಅದು ಕಣ್ಣಿಗೇ ಆಗಬೇಕೆಂದಿಲ್ಲ, ಮೂಗಿಗೆ, ಬೆರಳಿಗೆ, ಕಿವಿಗೆ ಆದರೂ ಸರಿ.

ಯಾವ ಗಿಡ ಹಾಕುವುದು? ಈ ಪ್ರಶ್ನೆಗೆ ಉತ್ತರ ಸಿಕ್ಕಿದ್ದು ದೇವರ ಗೂಡಿನಲ್ಲಿ. ಎಣ್ಣೆ ಕುಡಿದು ಕಂದಾದ ವ್ರತದ ಪುಸ್ತಕದಲ್ಲಿ ಗಣೇಶನಿಗೆ ಏರಿಸುವ 21 ಪತ್ರೆಗಳ ಪಟ್ಟಿ ಇದೆಯಲ್ಲ, ಅದನ್ನು ನಾವೆಲ್ಲ ವರ್ಷವರ್ಷ ಕೇಳುತ್ತೇವೆ. ಪುರೋಹಿತರು ‘ಅಪಾಮಾರ್ಗಪತ್ರಂ’ ಎಂದಾಗ ಕೈಗೆ ಸಿಕ್ಕ ಯಾವುದೋ ಎಲೆಯನ್ನು ಹಾಕುತ್ತೇವೆ. ಅತ್ತೆಯನ್ನು ಕೂರಿಸಿಕೊಂಡು ಒಂದೊಂದೇ ಹೆಸರು ಓದಿದೆ. ಅಪಾಮಾರ್ಗ ಎಂದರೆ ಉತ್ತರಾಣಿ, ದಾರಿಬದಿಯಲ್ಲಿ ನಡೆದರೆ ಸೀರೆಯ ಅಂಚಿಗೆಲ್ಲ ಅಂಟಿಕೊಂಡು ಬರುವುದು. ಸಿಂಧುವಾರ ಎಂದರೆ ಲಕ್ಕಿ. ಅರ್ಕ ಎಂದರೆ ಎಕ್ಕ. ದೂರ್ವೆ ನಮ್ಮ ಗರಿಕೆ. ಬೃಹತೀ ಎಂದರೆ ಕಿರುಗುಳ್ಳ, ಬದರಿ ಎಂದರೆ ಎಲಚಿ, ಅರ್ಜುನ ಎಂದರೆ ಹೊಳೆಯ ದಂಡೆಯ ಮತ್ತಿಮರ. ಸಂಸ್ಕೃತದಲ್ಲಿ ಗಂಭೀರವಾಗಿ ಕೂತಿದ್ದವರೆಲ್ಲ ನಮ್ಮ ಬೇಲಿಯ, ಬಯಲಿನ, ಕೆರೆ ಏರಿಯ ಪರಿಚಿತರೇ! ಒಂದು ಊರಿನ ಸುತ್ತಲ ಗಿಡಗಳನ್ನು ವರ್ಷಕ್ಕೊಮ್ಮೆಯಾದರೂ ಎಲ್ಲರೂ ಮುಟ್ಟಿ ಗುರುತಿಸಲಿ ಎಂದೇ ಹಿರಿಯರು ಈ ಪಟ್ಟಿ ಮಾಡಿದರೇನೋ ಎನ್ನಿಸಿತು.

ಇಲ್ಲೊಂದು ಪೇಚಾಟವೂ ಆಯಿತು. ‘ನಮ್ಮ ನೆಲದ ಗಿಡ’ ಎಂದು ಹೊರಟರೆ ನಮ್ಮದು ಯಾವುದು ಎಂಬ ಲೆಕ್ಕ ಹಾಕಬೇಕಲ್ಲ. ಬಿ.ಜಿ.ಎಲ್. ಸ್ವಾಮಿಯವರ ‘ನಮ್ಮ ಹೊಟ್ಟೆಯಲ್ಲಿ ದಕ್ಷಿಣ ಅಮೆರಿಕಾ’ ಓದಿದವರಿಗೆ ನೆನಪಿರಬಹುದು, ನಾವು ದಿನಾ ತಿನ್ನುವ ಎಷ್ಟೋ ತರಕಾರಿಗಳು ಸಮುದ್ರ ದಾಟಿ ಬಂದವು. ಹೂಗಳ ಕಥೆಯೂ ಅದೇ. ಆಯುಧಪೂಜೆಯಲ್ಲಿ ಗಾಡಿಗೆ ಹಾರವಾಗುವ ಚೆಂಡುಹೂ ಮೆಕ್ಸಿಕೋ ಕಡೆಯದು. ಸೇವಂತಿಗೆ ಚೀನಾದ್ದು. ದೇವಸ್ಥಾನದ ಅಂಗಳದಲ್ಲಿ ಶತಮಾನಗಳಿಂದ ಇದ್ದಂತೆ ನಿಂತಿರುವ ದೇವಗಣಗಿಲೆಯೂ ಅಮೆರಿಕದಿಂದ ಬಂದದ್ದು. ನಿತ್ಯಪುಷ್ಪ ಮಡಗಾಸ್ಕರಿನದು. ಚೆಂಡುಹೂವಿನ ವಿಷಯ ಕೇಳಿ ಅತ್ತೆಗೆ ಬಹಳ ಬೇಸರವಾಯಿತು. “ಇಷ್ಟು ವರ್ಷ ಇಲ್ಲೇ ಉಂಡು ಬೆಳೆದದ್ದು ಪರದೇಶದ್ದು ಹೇಗಾಗುತ್ತೆ? ನಾನೂ ಈ ಮನೆಗೆ ಹೊರಗಿಂದ ಬಂದವಳೇ ಅಲ್ಲವೇನೇ?” ಎಂದರು. ಇದಕ್ಕೆ ಯಾವ ಸಸ್ಯಶಾಸ್ತ್ರಜ್ಞರು ಉತ್ತರ ಕೊಡಬಲ್ಲರು?

ನಾನು ಕಂಡುಕೊಂಡ ಉತ್ತರ ಇಷ್ಟು. ಬಂದ ನೆಂಟರಲ್ಲಿ ಎರಡು ಬಗೆ. ಕೊಟ್ಟಷ್ಟು ಜಾಗದಲ್ಲಿ ಕೂತು, ಮನೆಯವರ ಜೊತೆ ಹೊಂದಿಕೊಂಡು ಹೋಗುವವರು ಒಂದು ಬಗೆ. ಚೆಂಡುಹೂ, ಸೇವಂತಿಗೆ ಅಂಥವು, ಇರಲಿ. ಮನೆಯವರನ್ನೇ ಹೊರಗೆ ಹಾಕುವವರು ಇನ್ನೊಂದು ಬಗೆ. ಬ್ರಿಟಿಷರ ಕಾಲದಲ್ಲಿ ತೋಟದ ಚೆಂದಕ್ಕೆಂದು ತಂದ ಲಂಟಾನ ಬಂಡೀಪುರದಂಥ ಕಾಡುಗಳನ್ನೇ ನುಂಗಿ ಕೂತಿದೆ. 1950ರ ದಶಕದಲ್ಲಿ ಪುಣೆಯಲ್ಲಿ ಕಾಣಿಸಿಕೊಂಡ ಕಾಂಗ್ರೆಸ್ ಗಿಡ ಇಂದು ನಮ್ಮ ಪ್ರತಿ ಖಾಲಿ ಸೈಟಿನ ಯಜಮಾನ. ಹೀಗಾಗಿ ಅಂಗಳದ ಮುಕ್ಕಾಲು ಪಾಲು ಈ ನೆಲದ ಗಿಡಗಳಿಗೆ, ಉಳಿದ ಕಾಲು ಭಾಗ ಸಭ್ಯ ನೆಂಟರಿಗೆ ಎಂದು ನಿರ್ಧರಿಸಿದೆವು.

ಮೃಗಶಿರಾ ಮಳೆ ಹಿಡಿದ ಮೇಲೆ ನೆಡುವುದು ಎಂದರು ಅತ್ತೆ. ಜೂನ್ ಎರಡನೆಯ ವಾರ ಎಂದಿಟ್ಟುಕೊಳ್ಳಿ. ಅಷ್ಟರಲ್ಲಿ ಮಣ್ಣಿನ ಕೆಲಸ ಮುಗಿಸಿದೆವು. ಗೇಟಿನ ಪಕ್ಕ, ಅಂಗಳದ ನೀರೆಲ್ಲ ಇಳಿದು ಬರುವ ಕಡೆ ಮೊಣಕಾಲುದ್ದದ ಇಂಗುಗುಂಡಿ ತೆಗೆದು, ಮಣ್ಣು ಕುಸಿಯದಂತೆ ಅಂಚಿಗೆ ಲಾವಂಚ ಕೂರಿಸಿದೆವು. ಲಾವಂಚದ ಬೇರು ಅಡ್ಡಕ್ಕೆ ಹರಡದೆ ಆಳಕ್ಕೆ ಇಳಿಯುತ್ತದೆ, ಹಾಗಾಗಿ ಕಾಂಪೌಂಡಿಗೂ ಧಕ್ಕೆಯಿಲ್ಲ. ಜಗುಲಿಯ ಮೆಟ್ಟಿಲಿನಿಂದ ಗೇಟಿನವರೆಗೆ ನೇರವಾಗಿ ಚಪ್ಪಡಿ ಕಲ್ಲಿನ ದಾರಿ. ಅಂಕುಡೊಂಕಿನ ದಾರಿ ಚಿತ್ರದಲ್ಲಿ ಚೆಂದ, ಕಣ್ಣು ಮಂಜಾದವರಿಗೆ ಅಪಾಯ.

ಕಾಂಪೌಂಡಿನ ಉದ್ದಕ್ಕೂ ಲಕ್ಕಿಯ ಬೇಲಿ. ಸೊಂಟದೆತ್ತರಕ್ಕೆ ಕತ್ತರಿಸುತ್ತಿದ್ದರೆ ದಟ್ಟವಾಗುತ್ತದೆ, ಬೀದಿಯ ಮೇಕೆಗಳು ಮೂಸಿ ಮುಂದೆ ಹೋಗುತ್ತವೆ, ಕತ್ತರಿಸಿದ ಸೊಪ್ಪು ಕಾಳಿನ ಡಬ್ಬಕ್ಕೆ ಹುಳ ಬಾರದಂತೆ ಹಾಕುವುದಕ್ಕಾಯಿತು. ಗೇಟಿನ ಹತ್ತಿರ ಪಾರಿಜಾತ, ಅರ್ಧ ಹೂ ನಮಗೆ, ಅರ್ಧ ಬೀದಿಗೆ ಬೀಳುವಂತೆ. ಗೋಡೆಯ ಕಡೆ ಎತ್ತರದವು: ನಂದಿಬಟ್ಟಲು, ಒಂದು ಬಿಲ್ವ, ಚಪ್ಪರಕ್ಕೆ ಜಾಜಿ. ಬಿಲ್ವ ದೊಡ್ಡ ಮರವಾಗುವಂಥದು, ಸವರುತ್ತ ಸಣ್ಣದಾಗಿಯೇ ಇಡಬೇಕು. ನಡುವಿನ ಸಾಲಿಗೆ ತಂಗಡಿ ಮತ್ತು ಸ್ಫಟಿಕದ ಹೂ. ತಂಗಡಿಯನ್ನು ಆವರಿಕೆ ಎನ್ನುವವರೂ ಉಂಟು, ಬರಡು ಬಯಲಿನಲ್ಲಿ ಯಾರೂ ಕೇಳದೆ ಹಳದಿ ಹೂ ಸುರಿಯುವ ಪೊದೆ. ನಾವದನ್ನು ಹೊಲದ ಬದುವಿನಲ್ಲಿ ಬಿಟ್ಟಿದ್ದೇವೆ, ತೆಲಂಗಾಣದವರು ತಮ್ಮ ರಾಜ್ಯದ ಹೂವನ್ನಾಗಿ ಮಾಡಿಕೊಂಡು ಬತುಕಮ್ಮ ಹಬ್ಬಕ್ಕೆ ಪೇರಿಸುತ್ತಾರೆ. ನೆಲಕ್ಕೆ ಪೇಟೆಯ ಹುಲ್ಲುಹಾಸಿನ ಬದಲು ಗರಿಕೆ. ಅದು ಬೇಸಿಗೆಯಲ್ಲಿ ಕಂದು ಬಣ್ಣಕ್ಕೆ ತಿರುಗಿ ಸತ್ತಂತೆ ನಟಿಸುತ್ತದೆ, ಮೊದಲ ಮಳೆಗೆ ಎದ್ದು ಕೂರುತ್ತದೆ. ಗರಿಕೆಯ ನಡುನಡುವೆ ವಿಷ್ಣುಕ್ರಾಂತಿ, ಬೆಳಗಿನ ಹೊತ್ತು ಕಡಲೆಕಾಳಿನಷ್ಟಗಲದ ನೀಲಿ ಹೂ. ನಲ್ಲಿ ತೊಟ್ಟಿಕ್ಕುವ ಜಾಗಕ್ಕೆ ಒಂದೆಲಗ.

ದಾರಿಯ ಎರಡೂ ಬದಿಗೆ ಕನಕಾಂಬರ ಎಂದಾಗ, ವಾಸನೆಯಿಲ್ಲದ ಹೂ ಅತ್ತೆಗೆ ಏಕೆ ಎಂದು ನನಗೆ ಅನುಮಾನ. ಅವರೇ ನಕ್ಕರು. ಕನಕಾಂಬರದ ಒಣಗಿದ ತೆನೆಗೆ ನೀರು ತಾಗಿದರೆ ಚಟ್ ಎಂದು ಸಿಡಿದು ಬೀಜ ಹಾರುತ್ತದೆ. ಮಳೆ ಶುರುವಾದ ಮೇಲೆ ಜಗುಲಿಯಲ್ಲಿ ಕೂತು ಆ ಚಟಚಟವನ್ನು ಕೇಳುವುದು ಅವರ ಬಾಲ್ಯದ ಆಟವಂತೆ. ಹೀಗೆ ಮೆಟ್ಟಿಲ ಪಕ್ಕ ತುಳಸಿ, ಕಾಮಕಸ್ತೂರಿ, ಮರುಗ, ಮಾಚಿಪತ್ರೆ, ಎಲ್ಲವೂ ಕೈಗೆ ಎಟಕುವ ಎತ್ತರದಲ್ಲಿ ಬಂದವು. ಎಕ್ಕ ಮಾತ್ರ ದೂರದ ಮೂಲೆಗೆ ಹೋಯಿತು. ಅದರ ಹಾಲು ಕಣ್ಣಿಗೆ ಬಿದ್ದರೆ ದೊಡ್ಡ ಅಪಾಯ, ಈ ಮನೆಯಲ್ಲಿ ಉಳಿದಿರುವ ದೃಷ್ಟಿಯೇ ಸ್ವಲ್ಪ. ಗೌರಿ ಹೂವಿನ ಬಳ್ಳಿ ಚೆಂದವೇ ಆದರೂ ಗೆಡ್ಡೆಯಿಂದ ಹೂವಿನವರೆಗೆ ವಿಷ. ಬಾಡಿಗೆ ಮನೆಯಲ್ಲಿ ಪುಟ್ಟ ಮಗು ಇದ್ದುದರಿಂದ ಅದನ್ನು ಕೈಬಿಟ್ಟೆವು. ನಮ್ಮ ನೆಲದ್ದು ಎಂದ ಮಾತ್ರಕ್ಕೆ ಎಲ್ಲವೂ ಸಾಧುವಲ್ಲ, ತಿಳಿದಿರಬೇಕು.

ಮೊದಲ ವರ್ಷ ಅಂಗಳ ನೋಡಿದವರಿಗೆ ಕರುಣೆ ಬರುವಂತಿತ್ತು. 2025ರ ಮಾರ್ಚ್ ಹೊತ್ತಿಗೆ ಗರಿಕೆ ಕಂದಿ, ತಾನಾಗಿ ಹುಟ್ಟಿದ್ದ ತುಂಬೆ ಒಣಗಿ, ನೆಲದ ಮೇಲೆಲ್ಲ ತರಗೆಲೆ. ಎಲೆಯನ್ನು ನಾನೇ ಗುಡಿಸದೆ ಬಿಟ್ಟಿದ್ದೆ, ಅದು ಮಣ್ಣಿನ ತೇವ ಕಾಯುವ ಹೊದಿಕೆ. ಎದುರುಮನೆಯಾಕೆ, “ಆಂಟಿ, ಮನೆ ಮುಂದೆ ಖಾಲಿ ಸೈಟ್ ಇದ್ದ ಹಾಗಿದೆ. ಹಾವು ಗೀವು ಬಂದಾವು” ಎಂದಳು. ಹಾವಿನ ಭಯ ತಮಾಷೆಯದಲ್ಲ. ಆದರೆ ಹಾವು ಗಿಡ ಹುಡುಕಿಕೊಂಡು ಬರುವುದಿಲ್ಲ, ಇಲಿ ಕಪ್ಪೆ ಹುಡುಕಿಕೊಂಡು ಬರುತ್ತದೆ, ಅಡಗಲು ಸಂದಿ ಹುಡುಕುತ್ತದೆ. ಇಟ್ಟಿಗೆ, ಸೌದೆಯ ರಾಶಿ ಇಡಲಿಲ್ಲ. ಅನ್ನ ಮುಸುರೆ ಚೆಲ್ಲಲಿಲ್ಲ. ಬೇಲಿಯ ಬುಡದ ಒಂದಡಿಯನ್ನು ಸವರಿ ಬೆಳಕಾಡುವಂತೆ ಮಾಡಿದೆವು. ದಾರಿಯ ಕಲ್ಲಿನ ಮೇಲೆ ಮಾತ್ರ ಒಂದೆಲೆಯೂ ಇರಬಾರದು, ಅದನ್ನು ದಿನಾ ಎರಡು ಹೊತ್ತು ಗುಡಿಸಬೇಕು. ಆ ಬೇಸಿಗೆಯಲ್ಲಿ ಇಡೀ ಅಂಗಳಕ್ಕೆ ನಾವು ಹಾಕಿದ್ದು ದಿನ ಬಿಟ್ಟು ದಿನ ನಾಲ್ಕು ಕೊಡ, ಅದೂ ಅಕ್ಕಿ ತೊಳೆದ, ತರಕಾರಿ ತೊಳೆದ ನೀರು ಸೇರಿಸಿ. ಎರಡನೆಯ ಬೇಸಿಗೆಗೆ ಬೇರು ಇಳಿದಿರುವ ಪೊದೆಗಳು ಅಷ್ಟನ್ನೂ ಕೇಳುವುದಿಲ್ಲ.

ಮಳೆ ಬಂದದ್ದೇ ತಡ, ನೆಂಟರು ಶುರುವಾದರು. ಒಂದು ದಿನ ಕೆಲಸದ ಲಕ್ಷ್ಮಮ್ಮ, “ಅಮ್ಮಾವ್ರೇ, ಮರಿಹಾವು!” ಎಂದು ಕೂಗಿಕೊಂಡಳು. ನಂದಿಬಟ್ಟಲಿನ ಎಲೆಯ ಕೆಳಗೆ ಬೆರಳುದ್ದದ ಹಸಿರು ಹುಳ, ಕತ್ತಿನ ಹತ್ತಿರ ದುರುಗುಟ್ಟಿ ನೋಡುವ ಎರಡು ನೀಲಿ ಕಣ್ಣು. ಅವು ಕಣ್ಣಲ್ಲ, ಹಕ್ಕಿಗಳನ್ನು ಹೆದರಿಸಲು ಬರೆದುಕೊಂಡ ಬೊಟ್ಟು. ಮುಂದೆ ಅದು ಹಸಿರು ಅಮೃತಶಿಲೆಯಂಥ ರೆಕ್ಕೆಯ ಪತಂಗವಾಗುತ್ತದೆ. ಎಕ್ಕದ ಮೇಲೆ ಕಪ್ಪು ಬಿಳಿ ಹಳದಿ ಪಟ್ಟೆಯ ಹುಳಗಳು. ಎಕ್ಕದ ವಿಷವನ್ನೇ ಉಂಡು ಮೈಗೂಡಿಸಿಕೊಳ್ಳುವುದರಿಂದ, ಅವು ಕಿತ್ತಳೆ ರೆಕ್ಕೆಯ ಚಿಟ್ಟೆಗಳಾದ ಮೇಲೂ ಹಕ್ಕಿಗಳು ಅವುಗಳ ತಂಟೆಗೆ ಹೋಗುವುದಿಲ್ಲ. ಕರಿಬೇವಿನ ಕುಂಡಕ್ಕೆ ಇನ್ನೊಂದು ಬಗೆಯ ಚಿಟ್ಟೆ, ತುಂಬೆಯ ಬಿಳಿ ಹೂವಿಗೆ ಜೇನು. ಈ ಹುಳಗಳಿಗೆ ಇಂಥದೇ ಎಲೆ ಬೇಕು, ಪಾಮ್ ಮರವಾಗಲಿ ಸಿಮೆಂಟಿನ ಕೊಕ್ಕರೆಯಾಗಲಿ ಅವುಗಳ ಹೊಟ್ಟೆ ತುಂಬಿಸದು. ನೆಲದ ಗಿಡ ಎಂದರೆ ಇಷ್ಟೇ: ಅದನ್ನು ನಂಬಿಕೊಂಡವರು ಇಲ್ಲಿ ಮೊದಲೇ ಇರುತ್ತಾರೆ. ನಾವು ತೂತಾದ ಎಲೆಯನ್ನು ಸಹಿಸಿಕೊಂಡರೆ ಸಾಕು.

2025ರಲ್ಲಿ ಗಣೇಶನ ಹಬ್ಬ ಆಗಸ್ಟ್ 27ಕ್ಕೆ ಬಂತು. ಬೆಳಿಗ್ಗೆ ಆರಕ್ಕೇ ಗೇಟಿನ ಸದ್ದು. ಎದುರುಮನೆಯಾಕೆ, ಕೈಯಲ್ಲಿ ಬೆಳ್ಳಿ ತಟ್ಟೆ. “ಆಂಟಿ, ಮಾರ್ಕೆಟ್ಟಿನಲ್ಲಿ ಪತ್ರೆ ಅಂತ ಏನೋ ಸೊಪ್ಪಿನ ಕಟ್ಟು ಕೊಟ್ಟಿದ್ದಾರೆ. ಯಾವುದು ಯಾವುದೋ ಗೊತ್ತಾಗ್ತಿಲ್ಲ.” ಅವಳ ಹಿಂದೆ ಇನ್ನಿಬ್ಬರು. ಅತ್ತೆ ಜಗುಲಿಯಲ್ಲಿ ಕೂತು ಆ ಕಟ್ಟನ್ನು ಬಿಡಿಸಿ, ಒಂದೊಂದೇ ಎಲೆಯನ್ನು ಸವರಿ ಮೂಸಿ, ಸುಳ್ಳು ಎಲೆಗಳನ್ನು ಆಚೆ ಎಸೆದರು. ಅವರು ಹೇಳಿದ ಎಲೆಗಳನ್ನು ನಾನು ಅಂಗಳದಿಂದ ತಂದೆ. ಮುದುಕಿಯ ಕಣ್ಣಿಗೆ ಕಾಣದ್ದು ಕೈಗೆ ಕಾಣುವುದನ್ನು ಆ ಹುಡುಗಿಯರು ಬೆರಗಾಗಿ ನೋಡಿದರು. ಹಬ್ಬಕ್ಕೆ ಬಂದಿದ್ದ ಮೊಮ್ಮಗಳು ನೋಟ್‌ಬುಕ್ ತಂದು ಎಲೆಗಳನ್ನು ಅಂಟಿಸಿ ಹೆಸರು ಬರೆದುಕೊಂಡಳು. ಎಲೆ ಕೈಗೆ ಬಂದ ಕೂಡಲೇ ಅತ್ತೆಯ ಮಾತು ಹರಿಯಿತು. ಅಂದು ನಮ್ಮ ಮನೆಯ ಪೂಜೆ ಒಂದು ಗಂಟೆ ತಡವಾಯಿತು. ಯಾರೂ ಆಕ್ಷೇಪಿಸಲಿಲ್ಲ.

ಜಾಗವಿಲ್ಲದವರು ಬೇಸರಪಡಬೇಕಾಗಿಲ್ಲ. ಬಿಸಿಲು ಬೀಳುವ ಬಾಲ್ಕನಿಯಿದ್ದರೆ ಎರಡು ಕುಂಡ ಸಾಕು: ಒಂದರಲ್ಲಿ ಕರಿಬೇವು, ಇನ್ನೊಂದರಲ್ಲಿ ಕನಕಾಂಬರ. ಅರಣ್ಯ ಇಲಾಖೆಯ ನರ್ಸರಿಗಳಲ್ಲಿ ಮುಂಗಾರಿಗೆ ಮುಂಚೆ ಕಡಿಮೆ ಬೆಲೆಗೆ ಸಸಿ ಸಿಗುತ್ತದೆ. ದೇವರಾಯನದುರ್ಗಕ್ಕೋ ಸಿದ್ಧರಬೆಟ್ಟಕ್ಕೋ ಹೋದಾಗ ಗಿಡವನ್ನು ಬೇರುಸಹಿತ ಕಿತ್ತು ತರುವ ಆಸೆ ಮಾತ್ರ ಬೇಡ. ಅದು ಅಲ್ಲಿಯ ಅಂಗಳ. ಪರಿಚಯದವರ ಮನೆಯಿಂದ ಕಡ್ಡಿ ಬೇಡಿ, ಬೀಜ ಬೇಡಿ. ಗಿಡ ಬೇಡುವುದರಲ್ಲಿ ನಾಚಿಕೆಯಿಲ್ಲ, ನಮ್ಮ ತಾಯಂದಿರ ಹಿತ್ತಲುಗಳೆಲ್ಲ ಬೆಳೆದದ್ದು ಹಾಗೆಯೇ.

ಪಟ್ಟಿಯ 21ರಲ್ಲಿ ಈಗ ನಮ್ಮಲ್ಲಿರುವುದು 12. ಒಂಬತ್ತು ಬಾಕಿ. ದೇವದಾರುವಿಗೆ ಹಿಮಾಲಯಕ್ಕೇ ಹೋಗಬೇಕು, ಅದನ್ನು ಬಿಟ್ಟಿದ್ದೇವೆ. ಉಮ್ಮತ್ತಿ, ಕಣಗಿಲೆಗಳು ವಿಷವೆಂದು ಬಿಟ್ಟೆವು. ಅರಳಿ, ಮತ್ತಿ, ಮಾವುಗಳನ್ನು ಹದಿನೈದಡಿಯಲ್ಲಿ ಹಿಡಿಸಲಾಗದು. ಮೊನ್ನೆ ಅತ್ತೆ, “ಎದುರುಮನೆಯವರ ಪಕ್ಕದ ಸೈಟು ಖಾಲಿ ಇದೆಯಂತಲ್ಲ, ಯಾರದದು?” ಎಂದು ವಿಚಾರಿಸುತ್ತಿದ್ದರು. ಮಾವಿನ ಓಟೆಯೊಂದನ್ನು ತೊಳೆದು ಬೂದಿ ಸವರಿ ಜಗುಲಿಯ ಮೂಲೆಯಲ್ಲಿ ಒಣಗಲು ಇಟ್ಟಿದ್ದಾರೆ.